ಎಡಗಿವಿಗೆ ಒಂದು ಷಡ್ಜ, ಬಲಗಿವಿಗೆ ಇನ್ನೊಂದು

ಆವತ್ತು ಬೆಳಿಗ್ಗೆ ಎದ್ದಾಗ ಎಡಗಿವಿಗೆ ಹತ್ತಿ ತುರುಕಿದ ಹಾಗಿತ್ತು. ನೋವಿಲ್ಲ, ಜ್ವರವಿಲ್ಲ. ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಟಾರ್ಚ್ ಹಾಕಿ ನೋಡಿದ ಡಾಕ್ಟರು ‘ಶೀತ ಅಷ್ಟೇ’ ಅಂದರು. ಮೂಗಿನ ಡ್ರಾಪ್ಸು, ಅಲರ್ಜಿ ಮಾತ್ರೆ ಬರೆದು, ಒಂದು ವಾರ ಬಿಟ್ಟು ಬನ್ನಿ ಅಂತ ಕಳಿಸಿದರು. ಸಂಜೆ ಅಭ್ಯಾಸಕ್ಕೆ ಕೂತು ಮೊಬೈಲಿನಲ್ಲಿ ತಂಬೂರಿ ಹಾಕಿದರೆ ಒಂದರ ಬದಲು ಎರಡು ತಂಬೂರಿ ಕೇಳಿಸ್ತು. ಬಲಗಿವಿಯಲ್ಲಿ ನಾನಿಟ್ಟ ಐದೂವರೆ ಮನೆ ಶ್ರುತಿ. ಎಡಗಿವಿಯಲ್ಲಿ ಅದಕ್ಕಿಂತ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ, ತಗಡಿನ ಡಬ್ಬದೊಳಗಿಂದ ಬಂದ ಹಾಗೆ, ಇನ್ನೊಂದು. ಒಂದೊಂದೇ ಕಿವಿ ಮುಚ್ಚಿ ನೋಡಿದೆ. ಎರಡನ್ನೂ ತೆರೆದರೆ ಮೈ ಜುಮ್ಮೆನ್ನುವಂಥ ಅಪಶ್ರುತಿ.

ನಾನು ಪಿಟೀಲು ನುಡಿಸುವವಳು. ಗಾಯಕರಿಗೆ ಪಕ್ಕವಾದ್ಯ, ಮಿಕ್ಕ ಹೊತ್ತು ಮಕ್ಕಳಿಗೆ ಪಾಠ. ರಾಮನವಮಿ ಸೀಸನ್ ಇನ್ನು ಹತ್ತು ದಿನ ಇತ್ತು. ಬೆಂಗಳೂರಿನ ಕಲಾವಿದರಿಗೆ ಅದು ಸುಗ್ಗಿ. ಹನ್ನೊಂದು ಕಛೇರಿ ಒಪ್ಪಿಕೊಂಡಿದ್ದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನಲ್ಲಿ ಆಡಿಯಾಲಜಿ ಓದಿದವಳು. ಅವಳಿಗೆ ಫೋನ್ ಮಾಡಿದೆ. ‘ಮಿಸ್, ಬಾಯಿ ಮುಚ್ಚಿ ಮ್‌ಮ್ ಅಂತ ಗುನುಗಿ. ಯಾವ ಕಿವೀಲಿ ಜಾಸ್ತಿ ಕೇಳತ್ತೆ?’ ಅಂದಳು. ಬಲಗಿವಿ, ಅಂದೆ. ಆ ಕಡೆ ಒಂದು ಕ್ಷಣ ಮೌನ. ‘ಶೀತಾನೋ ಗುಗ್ಗೆನೋ ಆಗಿದ್ರೆ ಕಟ್ಟಿಕೊಂಡ ಕಿವೀಲೇ ಜಾಸ್ತಿ ಕೇಳಬೇಕಿತ್ತು. ಒಳ್ಳೇ ಕಿವೀಲಿ ಕೇಳ್ತಿದೆ ಅಂದ್ರೆ ಒಳಕಿವಿ ಅಥವಾ ನರದ ತೊಂದರೆ ಇರಬಹುದು. ಒಂದು ವಾರ ಎಲ್ಲ ಕಾಯಬೇಡಿ, ನಾಳೆ ಬೆಳಿಗ್ಗೇನೇ ಇಎನ್‌ಟಿ ಹತ್ರ ಹೋಗಿ, ಆಡಿಯೋಗ್ರಾಂ ಮಾಡಿಸಿ’ ಅಂದಳು.

ಈ ಗುನುಗುವ ಉಪಾಯ ನಿಮಗೂ ನೆನಪಿರಲಿ. ಡಾಕ್ಟರು ಟ್ಯೂನಿಂಗ್ ಫೋರ್ಕನ್ನು ಹಣೆಯ ನಡುವೆ ಇಟ್ಟು ಮಾಡುವ ಪರೀಕ್ಷೆಯದೇ ಮನೆ ಆವೃತ್ತಿ ಇದು. ಇದರಿಂದ ರೋಗ ತೀರ್ಮಾನ ಆಗುವುದಿಲ್ಲ, ಆದರೆ ಎಷ್ಟು ಬೇಗ ಓಡಬೇಕು ಅಂತ ಗೊತ್ತಾಗುತ್ತದೆ.

ಮರುದಿನದ ಆಡಿಯೋಗ್ರಾಂನಲ್ಲಿ ಎಡಗಿವಿಯ ಗೆರೆ 500 ಹರ್ಟ್ಜ್ ದಾಟಿದ ಮೇಲೆ ಬೆಟ್ಟದಿಂದ ಇಳಿದ ಹಾಗೆ ಜಾರಿತ್ತು. 72 ಗಂಟೆಯೊಳಗೆ, ಅಕ್ಕಪಕ್ಕದ ಮೂರು ಆವರ್ತನಗಳಲ್ಲಿ 30 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಶ್ರವಣ ಕುಸಿದರೆ ವೈದ್ಯರು ಅದನ್ನು ‘ದಿಢೀರ್ ಶ್ರವಣನಷ್ಟ’ ಅಂತ ಗುರುತಿಸುತ್ತಾರೆ. ನನ್ನದು ಅದೇ. ಕಾರಣ ಏನು ಡಾಕ್ಟ್ರೇ ಅಂದರೆ, ಹೆಚ್ಚಿನವರಲ್ಲಿ ಕಾರಣವೇ ಸಿಗುವುದಿಲ್ಲ, ವೈರಸ್ ಇರಬಹುದು, ರಕ್ತ ಸಂಚಾರ ಇರಬಹುದು ಅಂದರು. ಅಪರೂಪಕ್ಕೆ ನರದ ಮೇಲೆ ಗಡ್ಡೆ ಇರುತ್ತದೆ ಅಂತ ಎಂಆರ್‌ಐ ಆಯಿತು. ಅದೇನೂ ಇರಲಿಲ್ಲ. ಆವತ್ತೇ ಸ್ಟಿರಾಯ್ಡ್ ಮಾತ್ರೆ ಶುರುವಾಯಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು. ಸ್ಟಿರಾಯ್ಡ್ ಕೆಲಸ ಮಾಡುವ ಸಾಧ್ಯತೆ ಹೆಚ್ಚಿರುವುದು ಮೊದಲ ಎರಡು ವಾರದಲ್ಲಿ. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಮಾತ್ರೆಗೆ ಬಗ್ಗದಿದ್ದರೆ ಕಿವಿತಮಟೆಯ ಮೂಲಕ ಮಧ್ಯಕಿವಿಗೇ ಇಂಜೆಕ್ಷನ್ ಕೊಡುತ್ತಾರೆ. ಏನೂ ಮಾಡದೆ ತಾನಾಗೇ ಸರಿಹೋಗುವವರೂ ಬಹಳ ಜನ ಇದ್ದಾರೆ, ಮೂರರಲ್ಲೊಂದು ಪಾಲಿಗಂತೂ ಕಡಿಮೆ ಇಲ್ಲ. ತೊಂದರೆ ಏನೆಂದರೆ, ಆ ಅದೃಷ್ಟವಂತರಲ್ಲಿ ನೀವಿದ್ದೀರೋ ಇಲ್ಲವೋ ಅಂತ ಮೊದಲೇ ಗೊತ್ತಾಗುವುದಿಲ್ಲ. ಪಕ್ಕದ ಮನೆಯವರು ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡಿ ಅಂದರು. ಪ್ರೀತಿಯಿಂದಲೇ ಹೇಳಿದ್ದು, ಬಿಡಲಿಲ್ಲ. ಒಳಕಿವಿಯ ತೊಂದರೆಗೆ ಹೊರಗಿನಿಂದ ಎಣ್ಣೆ ಬಿಟ್ಟರೆ ಅದು ಅಲ್ಲಿಗೆ ಮುಟ್ಟುವುದೂ ಇಲ್ಲ.

ಕಿವಿಯೊಳಗಿನ ಹಾರ್ಮೋನಿಯಂ

ಕೇಳುವುದು ಕಡಿಮೆಯಾಗೋದು ಅರ್ಥವಾಗುತ್ತದೆ. ಆದರೆ ಶ್ರುತಿ ಯಾಕೆ ಬದಲಾಗಬೇಕು? ಎರಡು ಕಿವಿಗೆ ಎರಡು ಶ್ರುತಿ ಕೇಳುವುದಕ್ಕೆ ಡಿಪ್ಲಕೂಸಿಸ್ ಅನ್ನುತ್ತಾರೆ.

ಒಳಕಿವಿಯಲ್ಲಿ ಕಾಕ್ಲಿಯಾ ಅಂತ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ ಅಂಗ ಇದೆ. ಅದನ್ನು ಬಿಡಿಸಿ ಹಾಸಿದರೆ ಸುಮಾರು 35 ಮಿಲಿಮೀಟರ್ ಉದ್ದ. ಒಳಗಿನ ಪೊರೆ ಹಾರ್ಮೋನಿಯಂ ಮನೆಗಳ ಹಾಗೆ ಜೋಡಣೆಯಾಗಿದೆ ಅಂದುಕೊಳ್ಳಿ. ಬಾಗಿಲ ಹತ್ತಿರದ ತುದಿ ತಾರಸ್ವರಕ್ಕೆ ಕಂಪಿಸುತ್ತದೆ, ಒಳತುದಿ ಮಂದ್ರಕ್ಕೆ. ಅದರ ಮೇಲೆ ಸಾಲಾಗಿ ರೋಮಕೋಶಗಳಿವೆ. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಹೊರಸಾಲಿನವು ಪ್ರತಿ ಸ್ವರವನ್ನೂ ಚೂಪು ಮಾಡಿಕೊಡುತ್ತವೆ. ಅವಕ್ಕೆ ಪೆಟ್ಟು ಬಿದ್ದರೆ ಸ್ವರ ಮಂಕಾಗುತ್ತದೆ, ಜೊತೆಗೆ ಪೊರೆಯ ಮೇಲೆ ಅದರ ಜಾಗವೂ ಸರಿಯುತ್ತದೆ. ಮಿದುಳು ಸರಿದ ಜಾಗವನ್ನೇ ನಂಬುತ್ತದೆ. ಹೆಚ್ಚಿನವರಿಗೆ ಕೆಟ್ಟ ಕಿವಿಯಲ್ಲಿ ಶ್ರುತಿ ಏರಿದ ಹಾಗೆ ಕೇಳುವುದು ಹೀಗೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ, ಆದರೆ ಪೆಟ್ಟು ತಿಂದು ಬದುಕುಳಿದವು ಚೇತರಿಸಿಕೊಳ್ಳಬಹುದು.

ಎಲ್ಲ ಸ್ವರವೂ ಒಂದೇ ಅಳತೆಯಲ್ಲಿ ಏರಿದ್ದರೆ ನಮ್ಮ ಸಂಗೀತದವರಿಗೆ ಅಷ್ಟು ಕಷ್ಟವಿರುತ್ತಿರಲಿಲ್ಲ. ನಮ್ಮ ಷಡ್ಜ ಎಲ್ಲಿ ಬೇಕಾದರೂ ಇರಬಹುದು. ಷಡ್ಜ ಏರಿದರೆ ಪಂಚಮವೂ ಜೊತೆಗೇ ಏರುತ್ತದೆ, ಸಂಬಂಧ ಕೆಡುವುದಿಲ್ಲ. ಕಾರ್ಬಮಝೆಪೀನ್ ಅಂತ ಒಂದು ಔಷಧಿ ಇದೆ, ಫಿಟ್ಸ್‌ಗೆ ಮತ್ತು ಮುಖದ ನರದ ನೋವಿಗೆ ಕೊಡುತ್ತಾರೆ. ಅದನ್ನು ತೆಗೆದುಕೊಂಡ ಕೆಲವರಿಗೆ ಲೋಕವೆಲ್ಲ ಸುಮಾರು ಅರ್ಧ ಸ್ವರ ಕೆಳಗೆ ಕೇಳುತ್ತದೆ. ಜಪಾನಿನಿಂದ ಇಂಥ ವರದಿಗಳು ತುಂಬ ಬಂದಿವೆ. ಗುರುತಿಸಿದವರಲ್ಲಿ ಹೆಚ್ಚಿನವರು ಪಿಯಾನೋ ಕಲಿತವರು, ಯಾವ ಸ್ವರ ಯಾವ ಮನೆಯದ್ದು ಅಂತ ಕೇಳಿದ ಕೂಡಲೇ ಹೇಳಬಲ್ಲವರು. ಔಷಧಿ ನಿಲ್ಲಿಸಿದರೆ ಸರಿಹೋಗುತ್ತದೆ. (ಯಾರಾದರೂ ಅದನ್ನು ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ ಮಾರಾಯ್ರೇ, ಡಾಕ್ಟರನ್ನು ಕೇಳಿ.) ತಂಬೂರಿ ಜೊತೆ ಹಾಡುವವರಿಗೆ ಬಹುಶಃ ಅದು ಗೊತ್ತೂ ಆಗಲಿಕ್ಕಿಲ್ಲ.

ನನಗೆ ಆಗಿದ್ದು ಹಾಗಲ್ಲ. ಮಂದ್ರದಲ್ಲಿ ಎರಡೂ ಕಿವಿ ಒಂದೇ ಹೇಳುತ್ತಿದ್ದವು. ಮಧ್ಯಸ್ಥಾಯಿಯಲ್ಲಿ ಎಡಗಿವಿ ಏರುತ್ತಾ ಹೋಗಿ, ತಾರಸ್ಥಾಯಿಯ ಹೊತ್ತಿಗೆ ಸ್ವರವೇ ಇಲ್ಲ, ಬರೀ ಕರಕರ ಸದ್ದು. ಅಂದರೆ ಷಡ್ಜಕ್ಕೂ ಪಂಚಮಕ್ಕೂ ನಡುವಿನ ಸಂಬಂಧವೇ ಮುರಿದಿತ್ತು. ಶ್ರುತಿ ತಾಯಿ, ಲಯ ತಂದೆ ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ತಾಯಿ ಎರಡು ದನಿಯಲ್ಲಿ ಕರೆದರೆ ಯಾವ ಕಡೆ ಓಡುವುದು?

ಮುಚ್ಚಿಟ್ಟವರು

ಮನೆಯಲ್ಲಿ ಕೂತ ಆ ಎರಡು ವಾರ ನನ್ನಂಥವರು ಯಾರಿದ್ದಾರೆ ಅಂತ ಓದಿದೆ. ಓದುತ್ತಾ ಕಣ್ಣಿಗೆ ಬಿದ್ದಿದ್ದು ಕಾಯಿಲೆಗಿಂತ ಹೆಚ್ಚಾಗಿ ಅದನ್ನು ಮುಚ್ಚಿಡುವ ಪಾಡು.

ಫ್ರಾನ್ಸಿನ ಗೇಬ್ರಿಯಲ್ ಫೋರೆ 1905ರಿಂದ 1920ರವರೆಗೆ ಪ್ಯಾರಿಸ್ಸಿನ ಸಂಗೀತ ಕಾಲೇಜಿನ ನಿರ್ದೇಶಕರು. ಆ ಹೊತ್ತಿಗೆ ಅವರಿಗೆ ಕೆಳಗಿನ ಸ್ವರಗಳು ಮೇಲಕ್ಕೆ ಸರಿದ ಹಾಗೆ, ಮೇಲಿನವು ಕೆಳಕ್ಕೆ ಇಳಿದ ಹಾಗೆ ಕೇಳಿಸುತ್ತಿದ್ದವು. ನಡುವಿನ ಸ್ವರಗಳು ಮಾತ್ರ ಜಾಗದಲ್ಲಿದ್ದವು, ಅವೂ ಕ್ಷೀಣ. ಊರಿಗೆಲ್ಲ ಸಂಗೀತ ಕಲಿಸುವ ಸಂಸ್ಥೆಯ ಯಜಮಾನ ತನಗೆ ಸಂಗೀತ ಸರಿಯಾಗಿ ಕೇಳಿಸುತ್ತಿಲ್ಲ ಅಂತ ಹೇಗೆ ಹೇಳಿಯಾನು? ಆದಷ್ಟು ದಿನ ಮುಚ್ಚಿಟ್ಟರು. ಬರೆಯುವುದನ್ನು ಮಾತ್ರ 1924ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಕೊನೆಯ ಕೃತಿ ನಾಲ್ಕು ತಂತಿವಾದ್ಯಗಳಿಗೆ ಬರೆದ ಕ್ವಾರ್ಟೆಟ್. ಬೀಥೋವನ್ ಕೂಡ ಕಿವುಡುತನವನ್ನು ವರ್ಷಗಟ್ಟಲೆ ಅಡಗಿಸಿ, 1802ರಲ್ಲಿ ಸೋದರರಿಗೆ ಬರೆದ ಕಾಗದದಲ್ಲಿ ಅದನ್ನೆಲ್ಲ ತೋಡಿಕೊಂಡರು. ಆ ಕಾಗದವನ್ನೂ ಕಳಿಸಲಿಲ್ಲ.

ರಷ್ಯಾದ ಪಿಯಾನೋ ವಾದಕ ಸ್ವಿಯತೊಸ್ಲಾವ್ ರಿಕ್ಟರ್ ಅವರಿಗೆ ಇಳಿವಯಸ್ಸಿನಲ್ಲಿ ಎಲ್ಲವೂ ಒಂದು ಸ್ವರ, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಮೇಲೆ ಕೇಳಿಸುತ್ತಿತ್ತು. ಪಿಯಾನೋದಲ್ಲಿ ಬೆರಳಿಗೆ ಜಾಗ ಗೊತ್ತು. ಆದರೆ ಬೆರಳು ಒಂದು ಮನೆ ಒತ್ತಿದರೆ ಕಿವಿ ಬೇರೊಂದು ಮನೆಯ ಹೆಸರು ಹೇಳುವುದನ್ನು ಕಲ್ಪಿಸಿಕೊಳ್ಳಿ. ಅಂಥ ದೊಡ್ಡ ಕಲಾವಿದರು ಅದರ ಬಗ್ಗೆ ಬಾಯಿಬಿಟ್ಟು ಹೇಳಿದ್ದು ನನಗೆ ದೊಡ್ಡ ಉಪಕಾರ ಅನ್ನಿಸ್ತು. ಅಮೆರಿಕದ ರಾಕ್ ಗಾಯಕ ಹ್ಯೂಯಿ ಲೂಯಿಸ್ 2018ರಲ್ಲಿ, ಹಾಡಲು ಶ್ರುತಿಯೇ ಹಿಡಿಯಲಾಗುತ್ತಿಲ್ಲ ಅಂತ ಎಲ್ಲರಿಗೂ ತಿಳಿಸಿ ಕಾರ್ಯಕ್ರಮಗಳನ್ನೆಲ್ಲ ರದ್ದು ಮಾಡಿದರು. ಅವರದು ಮೆನಿಯೇರ್ ಕಾಯಿಲೆ.

ನಮ್ಮಲ್ಲಿ ಅಲ್ಕಾ ಯಾಗ್ನಿಕ್. 2024ರ ಜೂನ್‌ನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಬರೆದುಕೊಂಡರು: ಕೆಲವು ವಾರಗಳ ಹಿಂದೆ ವಿಮಾನದಿಂದ ಇಳಿದು ಬರುವಾಗ ಇದ್ದಕ್ಕಿದ್ದಂತೆ ಏನೂ ಕೇಳಿಸಲಿಲ್ಲ, ವೈರಸ್ ದಾಳಿಯಿಂದಾದ ನರಸಂಬಂಧಿ ಶ್ರವಣನಷ್ಟ ಅಂತ ಡಾಕ್ಟರು ಹೇಳಿದ್ದಾರೆ ಎಂದು. ಜೋರು ಸಂಗೀತ ಮತ್ತು ಹೆಡ್‌ಫೋನ್ ಬಗ್ಗೆ ಹುಷಾರು ಅಂತಲೂ ಸೇರಿಸಿದರು. ಆ ಸುದ್ದಿ ಬಂದ ದಿನ ನಮ್ಮ ಕಲಾವಿದರ ಗುಂಪುಗಳಲ್ಲಿ ‘ಅಯ್ಯೋ ಪಾಪ’ಗಳ ಮಳೆ. ತಮ್ಮ ಕಿವಿ ಬಗ್ಗೆ ಮಾತ್ರ ಒಬ್ಬರೂ ಒಂದಕ್ಷರ ಬರೆಯಲಿಲ್ಲ.

ಯಾಕೆ ಅಂತ ನನಗೆ ಗೊತ್ತು. ಕಿವಿಯೇ ನಮ್ಮ ಅನ್ನ. ಗಂಟಲು ಕೆಟ್ಟರೆ ಸಹಾನುಭೂತಿ ಸಿಗುತ್ತದೆ, ಬಿಸಿನೀರು, ಶುಂಠಿ, ಜೇನುತುಪ್ಪ ಬರುತ್ತದೆ. ಕಿವಿ ಕೆಟ್ಟಿದೆ ಅಂದರೆ ‘ಇವರು ಇನ್ನು ಅಷ್ಟೇ’ ಅನ್ನುವ ಮಾತು ಬರುತ್ತದೆ. ನಾನು ಹನ್ನೊಂದೂ ಕಡೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಏಳು ಕಛೇರಿ ಬಿಟ್ಟುಕೊಟ್ಟೆ, ಸೀಸನ್ನಿನ ಕೊನೆಯ ನಾಲ್ಕನ್ನು ನೋಡೋಣ ಅಂತ ಇಟ್ಟುಕೊಂಡೆ. ಹಾಡುವ ಅಕ್ಕ ಒಬ್ಬರು ‘ನೀನು ಬರ್ತೀಯ, ಬಂದ್ರೆ ನನ್ನ ಪಕ್ಕಾನೇ ಕೂರ್ತೀಯ. ಬೇರೆ ಮಾತು ಬೇಡ’ ಅಂದುಬಿಟ್ಟರು. ಒಬ್ಬ ಆಯೋಜಕರು ‘ಆರೋಗ್ಯ ನೋಡ್ಕೊಳಿ’ ಅಂದವರು, ಆಮೇಲೆ ಎರಡು ವರ್ಷ ಕರೆಯಲೇ ಇಲ್ಲ. ಸುಮ್ಮನಿರುವವರ ಭಯ ಸುಳ್ಳೇನಲ್ಲ.

ಆದರೆ ಸುಮ್ಮನಿದ್ದು ಸೀಸನ್ ಮುಗಿಸಿ ಡಾಕ್ಟರ ಹತ್ತಿರ ಹೋದರೆ ಆ ಎರಡು ವಾರ ಮುಗಿದಿರುತ್ತದೆ. ಬೆಲೆ ಅಲ್ಲಿದೆ.

ತಂತಿ ಏನು ಹೇಳುತ್ತೆ ನೋಡು

ಮಾತ್ರೆ ಮುಗಿದ ಮೇಲೆ ಮೇಷ್ಟ್ರ ಮನೆಗೆ ಹೋದೆ. ಎಂಬತ್ತು ದಾಟಿದವರು. ನುಡಿಸು ಅಂದರು. ನುಡಿಸಿದೆ. ಐದು ನಿಮಿಷ ಕೇಳಿ, ‘ಎಲ್ಲಾ ಒಂದು ಎಳೆ ಇಳಿದಿದೆಯಲ್ಲಮ್ಮಾ’ ಅಂದರು. ನನಗೆ ಸರಿಯಾಗೇ ಕೇಳಿಸುತ್ತಿತ್ತು!

ಕಾರಣ ಆಮೇಲೆ ಹೊಳೀತು. ಪಿಟೀಲು ಇರುವುದು ಎಡಗಿವಿಯ ಕೆಳಗೆ. ನನ್ನ ಸ್ವರ ಎಡಗಿವಿಗೆ ಏರಿದ ಹಾಗೆ ಕೇಳುತ್ತದೆ, ಬೆರಳು ತಾನಾಗಿ ಇಳಿಸುತ್ತದೆ. ವೀಣೆಗಾದರೆ ಮೆಟ್ಟಿಲಿದೆ, ಪಿಟೀಲಿಗೆ ಅದೂ ಇಲ್ಲ.

‘ನಿನ್ನ ಕಿವಿ ಸ್ವಲ್ಪ ದಿನ ಬಿಡು. ತಂತಿ ಏನು ಹೇಳುತ್ತೆ ನೋಡು’ ಅಂದರು ಮೇಷ್ಟ್ರು. ನೋಡು ಅಂದಿದ್ದು ನಿಜವಾಗಿ ಕಣ್ಣಿಂದಲೇ. ನಮ್ಮ ಪಿಟೀಲಿನ ನಾಲ್ಕು ತಂತಿ ಸ-ಪ-ಸ-ಪ. ಪಂಚಮದ ತಂತಿಯ ಮೇಲೆ ತಾರಷಡ್ಜ ಸರಿಯಾದ ಜಾಗದಲ್ಲಿ ಬಿದ್ದರೆ, ಪಕ್ಕದಲ್ಲಿ ಮುಟ್ಟದೇ ಬಿಟ್ಟ ಷಡ್ಜದ ತಂತಿ ತಾನಾಗೇ ನಡುಗುತ್ತದೆ. ಎಳೆಯಷ್ಟು ತಪ್ಪಿದರೂ ಸುಮ್ಮನಿರುತ್ತದೆ. ಕಣ್ಣಿಗೆ ಕಾಣುತ್ತದೆ, ಎದೆಗೆ ಒತ್ತಿಕೊಂಡ ಪಿಟೀಲಿನ ಮರದಲ್ಲಿ ಮೈಗೂ ಗೊತ್ತಾಗುತ್ತದೆ. ಚಿಕ್ಕಂದಿನಲ್ಲಿ ಇದನ್ನು ಆಟದ ಹಾಗೆ ತೋರಿಸಿದ್ದರು. ಈಗ ಅದೇ ಊರುಗೋಲಾಯಿತು.

ಶ್ರುತಿ ಮಾಡಿಕೊಳ್ಳುವಾಗಲೂ ಅಷ್ಟೇ. ಎರಡು ತಂತಿ ಹತ್ತಿರ ಬಂದರೂ ಸೇರದಿದ್ದರೆ ನಡುವೆ ವ್ವ-ವ್ವ-ವ್ವ ಅಂತ ಅಲೆ ಏಳುತ್ತದಲ್ಲ, ಸೇರುತ್ತಾ ಬಂದ ಹಾಗೆ ಅಲೆ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ಆ ಅಲೆ ಗಾಳಿಯಲ್ಲಿರುವುದು, ಸದ್ದು ಏರಿ ಇಳಿಯುವುದು. ಸ್ವರ ಎಷ್ಟು ಎತ್ತರ ಅಂತ ಸುಳ್ಳು ಹೇಳುವ ಕಿವಿಯೂ ಅಲೆ ನಿಂತಿತೋ ಇಲ್ಲವೋ ಅನ್ನುವುದನ್ನು ಸರಿಯಾಗೇ ಹೇಳುತ್ತದೆ. ಇದು ನನಗೆ ಸಿಕ್ಕ ಅತಿ ದೊಡ್ಡ ಸಮಾಧಾನ.

ಮೊಬೈಲಿನ ಟ್ಯೂನರ್ ಯಾಕೆ ಬಳಸಲಿಲ್ಲ ಅಂತ ಕೇಳಬಹುದು. ಬಳಸಿದೆ, ಷಡ್ಜ ಪಂಚಮಕ್ಕೆ ಅಡ್ಡಿಯಿಲ್ಲ. ಅಂತರ ಗಾಂಧಾರಕ್ಕೆ ಬಂದರೆ ಜಗಳ ಶುರು. ಟ್ಯೂನರ್ ಹೇಳುವುದು ಕೀಬೋರ್ಡಿನ ಗಾಂಧಾರ. ತಂಬೂರಿಯೊಳಗೆ ಹುಟ್ಟುವ ಗಾಂಧಾರ ಅದಕ್ಕಿಂತ ಅರ್ಧ ಸ್ವರದ ಏಳನೇ ಒಂದು ಭಾಗದಷ್ಟು ಕೆಳಗಿದೆ. ಇನ್ನು ತೋಡಿಯ ಗಾಂಧಾರದಂಥ ಗಮಕಕ್ಕೆ ಅದರ ಮುಳ್ಳು ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ.

ಕಛೇರಿಯಲ್ಲಿ ಎಡಗಿವಿಗೆ ಇಯರ್‌ಪ್ಲಗ್ ಹಾಕಿಕೊಂಡೆ. ಗಾಯಕರ ಎಡಪಕ್ಕ ಕೂರುವುದರಿಂದ ನನ್ನ ಬಲಗಿವಿ ಅವರ ಕಡೆಗೂ ಹಿಂದಿನ ತಂಬೂರಿಯ ಕಡೆಗೂ ಇರುತ್ತದೆ, ಅದೊಂದು ಪುಣ್ಯ. ಮೈಕಿನವರಿಗೆ ಹೇಳಿ ಮಾನಿಟರ್ ಸ್ಪೀಕರನ್ನು ಬಲಕ್ಕೆ ಸರಿಸಿ, ಅದರಲ್ಲಿ ತಂಬೂರಿ ಹೆಚ್ಚು, ಪಿಟೀಲು ಕಡಿಮೆ ಇರಿಸಿದೆ. ಮೊದಲ ಕಛೇರಿಯಲ್ಲಿ ಅಕ್ಕ ಆಲಾಪನೆ ಮಾಡುತ್ತಾ ಎರಡು ಸಲ ನನ್ನ ಕಡೆ ತಿರುಗಿ ಹುಬ್ಬು ಇಳಿಸಿದರು. ಏರು ಅಂತ ಅರ್ಥ, ಮೊದಲೇ ಮಾತಾಡಿಕೊಂಡಿದ್ದೆವು. ಮೂರನೇ ಕೀರ್ತನೆಯಿಂದ ಅವರು ತಿರುಗಲಿಲ್ಲ. ನನ್ನ ಬೆನ್ನು ಮಾತ್ರ ಬೆವರಿನಿಂದ ಒದ್ದೆಯಾಗಿತ್ತು.

ಆರನೇ ವಾರಕ್ಕೆ ಎರಡು ಕಿವಿಯ ಅಂತರ ಅರ್ಧ ಸ್ವರದಿಂದ ಕೂದಲೆಳೆಗೆ ಬಂತು. ಮೂರು ತಿಂಗಳಿಗೆ ಮಧ್ಯಸ್ಥಾಯಿ ಸರಿಹೋಯಿತು. ಮೇಲಿನ ಆವರ್ತನಗಳು ಪೂರ್ತಿ ವಾಪಸ್ ಬಂದಿಲ್ಲ. ಗದ್ದಲದಲ್ಲಿ ಎಡಕ್ಕೆ ಕೂತವರ ಮಾತು ತಪ್ಪಿಹೋಗುತ್ತದೆ. ಒಂದು ಸಣ್ಣ ಸೀಟಿ ಉಳಿದುಕೊಂಡಿದೆ, ಕುಕ್ಕರಿನದಲ್ಲ, ಹಳೇ ಟೀವಿ ಹಾಕಿದಾಗ ಬರುತ್ತಿತ್ತಲ್ಲ ಆ ಥರ. ಅದು ನನ್ನ ಶ್ರುತಿಯ ಯಾವ ಸ್ವರಕ್ಕೂ ಸೇರುವುದಿಲ್ಲ ಅನ್ನೋದೇ ಸಿಟ್ಟು. ಚೆಕ್ ದೇಶದ ಸ್ಮೆತಾನಾ 1874ರಲ್ಲಿ ಕಿವುಡರಾದವರು. ಎರಡು ವರ್ಷದ ಮೇಲೆ ತಮ್ಮ ಬದುಕಿನ ಕಥೆಯಾಗಿ ಬರೆದ ಕ್ವಾರ್ಟೆಟ್‌ನ ಕೊನೆಯ ಭಾಗದಲ್ಲಿ ಅಂಥದ್ದೇ ಸೀಟಿಯನ್ನು ಪಿಟೀಲಿಗೆ ಕೊಟ್ಟಿದ್ದಾರೆ. ಎಲ್ಲ ಸಂತೋಷವಾಗಿ ಸಾಗುತ್ತಿರುವಾಗ ಮೇಲೆಲ್ಲಿಂದಲೋ ಒಂದೇ ಸ್ವರ ಸೀಳಿಕೊಂಡು ಬರುತ್ತದೆ. ಮೊದಲ ಸಲ ಕೇಳಿದಾಗ ಎದ್ದು ಹೋಗಿ ನೀರು ಕುಡಿದು ಬಂದೆ.

ನೀವು ಸಂಗೀತದವರಲ್ಲದಿದ್ದರೂ ಇಯರ್‌ಫೋನಿನವರು ಅಂತ ನನಗೆ ಗೊತ್ತು. ಅದರಿಂದಾಗುವ ಹಾನಿ ಸಾಮಾನ್ಯವಾಗಿ ದಿಢೀರ್ ಅಲ್ಲ, ವರ್ಷಗಟ್ಟಲೆ ಸವೆಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ವಾರಕ್ಕೆ 40 ಗಂಟೆ, 80 ಡೆಸಿಬಲ್ ಒಳಗೆ. ಮೆಟ್ರೋ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವಾಗ ನೆನಪಿಸಿಕೊಳ್ಳಿ. ವೇದಿಕೆ ಮೇಲಿರುವವರಿಗೆ ಎಲ್ಲ ಸ್ವರವನ್ನೂ ಸಮನಾಗಿ ತಗ್ಗಿಸುವ ಇಯರ್‌ಪ್ಲಗ್ ಸಿಗುತ್ತದೆ, ತಬಲಾ, ಡ್ರಮ್ಸ್ ಪಕ್ಕ ಕೂರುವವರು ಹಾಕಿಕೊಳ್ಳಬಹುದು. ವರ್ಷಕ್ಕೊಂದು ಆಡಿಯೋಗ್ರಾಂ ಮಾಡಿಸಿದರೆ ಕಿವಿ ಕೆಡುವ ಮೊದಲು ಹೇಗಿತ್ತು ಅನ್ನುವ ದಾಖಲೆ ಇರುತ್ತದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕರ್ನಾಟಕದವರಿಗೆ ಇದು ಮನೆ ಬಾಗಿಲಿನ ಭಾಗ್ಯ. ನಾನೀಗ ಪ್ರತಿ ವರ್ಷ ಅಲ್ಲೇ ಮಾಡಿಸುತ್ತೇನೆ, ವಿದ್ಯಾರ್ಥಿಗಳನ್ನೂ ಕರೆದೊಯ್ಯುತ್ತೇನೆ.

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ನನಗಿಂತ ಹತ್ತು ವರ್ಷ ಚಿಕ್ಕವನು, ಮೃದಂಗ ನುಡಿಸುವ ಹುಡುಗ, ಒಳ್ಳೇ ಹೆಸರು ಮಾಡುತ್ತಿರುವವನು. ಊಟ ಆಯ್ತಾ, ಮಳೆ ಬಂತಾ ಅಂತೆಲ್ಲ ಸುತ್ತಿ ಬಳಸಿ ಕೊನೆಗೆ, ‘ಅಕ್ಕಾ, ನಿಮ್ಮ ಕಿವಿ ವಿಷಯ ಹೇಗೆ ಗೊತ್ತಾಯ್ತು ಮೊದಲು?’ ಅಂದ. ಯಾಕೋ ಅಂದೆ. ‘ಮೊನ್ನೆಯಿಂದ ಬಲಗಿವಿ ಮುಚ್ಚಿದ ಹಾಗಿದೆ. ಮೃದಂಗದ ಶ್ರುತಿ ಕೂರ್ತಾನೇ ಇಲ್ಲ. ಕಲ್ಲು, ಪುಳ್ಳೆ ಹಿಡಿದು ಒಂದು ಗಂಟೆ ಬಡಿದೆ’ ಅಂದ. ಬಾಯಿ ಮುಚ್ಚಿ ಗುನುಗು ಅಂದೆ. ಗುನುಗಿದ. ಎಡಗಿವಿ, ಅಂದ.

‘ನಾಳೆ ಕಛೇರಿ ಇದೆ ಅಕ್ಕಾ, ನಾಡಿದ್ದು ಹೋಗ್ಲಾ?’

‘ಕಛೇರಿ ಸಂಜೆ ತಾನೇ? ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮನೆ ಹತ್ರ ಬರ್ತೀನಿ, ಆಟೋದಲ್ಲಿ. ರೆಡಿಯಾಗಿರು.’

‘ಯಾರಿಗೂ ಹೇಳಬೇಡಿ’ ಅಂದ. ಅದನ್ನು ಆಮೇಲೆ ನೋಡೋಣ, ಮೊದಲು ಡಾಕ್ಟರಿಗೆ ಹೇಳು ಅಂದೆ.